ದೋಹಾ ಬೇಡ ಅಂದರೆ ಎಲ್ಲಿ ಇಳಿಯೋದು?

ಎಲ್ಲರಿಗೂ ನಮಸ್ಕಾರ. ಡಿಸೆಂಬರಿಗೆ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರು, ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಹೊರಡುವವರು, ಎಲ್ಲರೂ ಕೆಲವು ದಿನಗಳಿಂದ ಒಂದೇ ಪ್ರಶ್ನೆ ಕೇಳುತ್ತಿದ್ದೀರಿ. ಬ್ರಿಟನ್ನಿಗೂ ಊರಿಗೂ ನಡುವೆ ದೋಹಾ, ದುಬೈ ಮೇಲಿನ ಗಲ್ಫ್ ದಾರಿ ಹಿಡಿಯೋದಾ ಬೇಡವಾ, ಬೇಡ ಅಂದರೆ ಎಲ್ಲಿ ವಿಮಾನ ಬದಲಿಸೋದು? ಒಂದೆರಡು ಸಾಲಿನಲ್ಲಿ ಉತ್ತರ ಬರೆದರೆ ಯಾರಿಗೂ ಉಪಯೋಗ ಆಗುವುದಿಲ್ಲ ಅನ್ನಿಸಿತು. ಈ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಆದದ್ದನ್ನು ಪೂರ್ತಿ ಬರೆಯುತ್ತೇನೆ. ಉದ್ದ ಆಗುತ್ತದೆ, ಟೀ ಹಿಡಿದುಕೊಂಡು ಓದಿ.

ನಾವಿರುವುದು ಮ್ಯಾಂಚೆಸ್ಟರಿನ ಹತ್ತಿರ. ಊರು ಹುಬ್ಬಳ್ಳಿ. ಮಗಳಿಗೆ ಒಂಬತ್ತು, ಮಗನಿಗೆ ಮೂರು. ನಾನು ಮತ್ತು ಮಕ್ಕಳು ಬ್ರಿಟಿಷ್ ಪಾಸ್‌ಪೋರ್ಟಿನವರು, ನಮ್ಮವರದು ಇನ್ನೂ ಭಾರತದ ಪಾಸ್‌ಪೋರ್ಟ್. ಈ ಮಾತು ಮುಂದೆ ಬೇಕಾಗುತ್ತದೆ, ಅದಕ್ಕೇ ಮೊದಲೇ ಹೇಳಿದೆ.

ಮಾರ್ಚಿನಲ್ಲಿ ಬಂದಿದ್ದ ನಮ್ಮ ಅತ್ತೆ 2025ರ ಜೂನ್ 23ರಂದು ವಾಪಸ್ ಹೊರಟರು. ಮ್ಯಾಂಚೆಸ್ಟರ್, ದೋಹಾ, ಬೆಂಗಳೂರು, ಅಲ್ಲಿಂದ ಹುಬ್ಬಳ್ಳಿ. ವಯಸ್ಸು 71, ಮೊಣಕಾಲು ನೋವು, ಸಕ್ಕರೆ ಕಾಯಿಲೆ. ಗಾಲಿಕುರ್ಚಿ ಹೇಳಿದ್ದೆವು. ಮಧ್ಯಾಹ್ನದ ವಿಮಾನ ಹತ್ತಿಸಿ ಮನೆಗೆ ಬಂದು, ಅವರು ಕುಡಿದಿಟ್ಟಿದ್ದ ಚಹಾದ ಲೋಟ ತೊಳೆಯುತ್ತಿದ್ದೆ. ಐದು ಗಂಟೆಯ ಹೊತ್ತಿಗೆ ಫೋನು ಒಂದೇ ಸಮನೆ ಬಡಿದುಕೊಳ್ಳತೊಡಗಿತು. ಕತಾರ್ ತನ್ನ ಆಕಾಶವನ್ನು ಮುಚ್ಚಿದೆ ಅಂತ ಸುದ್ದಿ. ಇನ್ನೊಂದು ತಾಸಿನಲ್ಲಿ, ಕತಾರಿನಲ್ಲಿ ಅಮೆರಿಕದ ಸೇನೆ ಇರುವ ಅಲ್ ಉದೈದ್ ನೆಲೆಯ ಮೇಲೆ ಇರಾನ್ ಕ್ಷಿಪಣಿ ಹಾರಿಸಿದೆ ಅಂತ ಬಂತು. ಅತ್ತೆ ಆಕಾಶದಲ್ಲಿ.

ವಿಮಾನ ಎಲ್ಲಿದೆ ಎಂದು ತೋರಿಸುವ ಆಪ್ ತೆಗೆದು ಕೂತೆವು. ಪುಟ್ಟ ಹಳದಿ ವಿಮಾನ ಬಾಲ್ಕನ್ ದೇಶಗಳನ್ನು ದಾಟಿ ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಗೆರೆ ಬಾಗಿತು, ಒಂದು ಸುತ್ತು ಹಾಕಿತು, ಮತ್ತೆ ಬಾಗಿತು. ಕೊನೆಗೆ ಇಸ್ತಾಂಬುಲ್‌ನಲ್ಲಿ ಇಳಿಯಿತು. ಇಳಿಯಿತು ಅಂತ ಗೊತ್ತಾದ ಮೇಲೆ ನಮ್ಮವರು ಎದ್ದು ಹೋಗಿ ದೇವರ ಮುಂದೆ ದೀಪ ಹಚ್ಚಿದರು. ಅವರು ದಿನಾ ದೀಪ ಹಚ್ಚುವವರಲ್ಲ.

ಆ ಸಂಜೆ ದೋಹಾಕ್ಕೆ ಹೊರಟಿದ್ದ ತೊಂಬತ್ತಕ್ಕೂ ಹೆಚ್ಚು ವಿಮಾನಗಳು ಹೀಗೆ ಬೇರೆ ಬೇರೆ ಕಡೆ ತಿರುಗಿದವು. ಕೆಲವು ಸೌದಿಗೆ, ಕೆಲವು ತುರ್ಕಿಗೆ, ಕೆಲವು ಓಮನ್‌ಗೆ, ಭಾರತಕ್ಕೆ ವಾಪಸ್ ಹೋದವೂ ಇದ್ದವು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ. ಕತಾರಿನ ಆಕಾಶ ಅಲ್ಲಿನ ಮಧ್ಯರಾತ್ರಿ ದಾಟುತ್ತಿದ್ದಂತೆ ತೆರೆಯಿತು, ಅಂದರೆ ಮುಚ್ಚಿದ್ದು ಕೆಲವೇ ತಾಸು. ಆದರೆ ಚೆಲ್ಲಾಪಿಲ್ಲಿಯಾದ ಅಷ್ಟು ವಿಮಾನ, ಅಷ್ಟು ಸಿಬ್ಬಂದಿ, ಅಷ್ಟು ಜನರನ್ನು ಮತ್ತೆ ಒಂದು ದಾರಿಗೆ ತರುವುದಕ್ಕೆ ದಿನಗಳೇ ಬೇಕು. ಅತ್ತೆ ಬೆಂಗಳೂರು ಮುಟ್ಟಿದ್ದು 25ನೇ ತಾರೀಕು.

ಅವರಿಗೆ ಯಾರೂ ಕೆಟ್ಟದು ಮಾಡಲಿಲ್ಲ. ಸಿಬ್ಬಂದಿ ಕೈಲಾದಷ್ಟು ಮಾಡಿದರು. ಆದರೆ ನೋಡಿ, ಸಕ್ಕರೆ ಮಾತ್ರೆಯ ದೊಡ್ಡ ಪೊಟ್ಟಣ ಚೆಕ್-ಇನ್ ಮಾಡಿದ ಸೂಟ್‌ಕೇಸಿನಲ್ಲಿ ಇತ್ತು, ಕೈಚೀಲದಲ್ಲಿ ಒಂದು ದಿನದ್ದು ಮಾತ್ರ. ಫೋನಿಗೆ ರೋಮಿಂಗ್ ಇಲ್ಲ. ಘೋಷಣೆ ಅರ್ಥ ಆಗುವುದಿಲ್ಲ. ಗಾಲಿಕುರ್ಚಿಯವರು ಒಂದು ಕಡೆ ಕೂರಿಸಿ ಹೋದರು, ಹತ್ತಿರದಲ್ಲಿ ಶೌಚಾಲಯ ಎಲ್ಲಿದೆ ಅಂತಲೂ ಗೊತ್ತಿಲ್ಲ. ಪಕ್ಕದಲ್ಲಿ ಕೂತಿದ್ದ ತೆಲುಗು ಹುಡುಗನೊಬ್ಬ, ಓದಲು ಬಂದಿದ್ದವನು, ತನ್ನ ಫೋನಿನ ಇಂಟರ್ನೆಟ್ ಹಂಚಿಕೊಟ್ಟ. ರಾತ್ರಿ ಹನ್ನೊಂದೂವರೆಗೆ ಅವರ ಮುಖ ಪರದೆಯ ಮೇಲೆ ಕಾಣಿಸಿತು. "ಚಿಂತಿ ಮಾಡಬ್ಯಾಡ್ರಿ, ರೊಟ್ಟಿ ಶೇಂಗಾ ಹಿಂಡಿ ಅದಾವು, ಈ ಹುಡುಗಗೂ ಕೊಟ್ಟೀನಿ" ಅಂದರು. ನಾನು ಅತ್ತೆ ಮುಂದೆ ಅಳಲಿಲ್ಲ, ಫೋನಿಟ್ಟ ಮೇಲೆ ಅತ್ತುಬಿಟ್ಟೆ.

ಇಷ್ಟು ಆದದ್ದು ಅವರಿಗೆ. ನಮ್ಮ ನಾಲ್ಕು ಜನರ ಟಿಕೆಟ್ ಜುಲೈ ಕೊನೆಗೆ, ಶಾಲೆಗೆ ರಜೆ ಸಿಕ್ಕ ಕೂಡಲೇ, ಅದೇ ದೋಹಾ ಮೇಲೆ. ಜನವರಿಯಲ್ಲೇ ತೆಗೆದಿದ್ದೆವು.

ಜೂನ್ 24ಕ್ಕೆ ಇರಾನ್, ಇಸ್ರೇಲ್ ನಡುವೆ ಕದನವಿರಾಮ ಆಯಿತು. ನಮ್ಮವರ ಮಾತು: ಇನ್ನೊಂದು ತಿಂಗಳು ಇದೆ, ಎಲ್ಲ ಸರಿಹೋಗುತ್ತದೆ, ವಿಮಾನದವರು ಅಪಾಯ ಇದ್ದರೆ ಹಾರಿಸುವುದೇ ಇಲ್ಲ. ಇದು ಸುಳ್ಳಲ್ಲ. 2014ರ ಜುಲೈ 17ರಂದು ಉಕ್ರೇನಿನ ಮೇಲೆ ಮಲೇಷಿಯಾದ ವಿಮಾನವನ್ನು ಹೊಡೆದುರುಳಿಸಿದಾಗ 298 ಜನ, 2020ರ ಜನವರಿ 8ರಂದು ಟೆಹ್ರಾನಿನಲ್ಲಿ ಉಕ್ರೇನಿನ ವಿಮಾನಕ್ಕೆ ಕ್ಷಿಪಣಿ ಬಿದ್ದಾಗ 176 ಜನ ಹೋದರು. ಆ ಎರಡರ ನಂತರ ಜಗಳ ಇರುವ ಆಕಾಶದಿಂದ ದೂರ ಸರಿಯುವ ಎಚ್ಚರ ಬಹಳ ಹೆಚ್ಚಾಗಿದೆ. ಜೂನ್ 23ರಂದು ಆದದ್ದೂ ಅದೇ, ಮೊದಲು ಆಕಾಶ ಮುಚ್ಚಿದರು, ಆಮೇಲೆ ಕ್ಷಿಪಣಿ ಬಂತು. ಗಾಳಿಯಲ್ಲಿದ್ದ ಒಬ್ಬರಿಗೂ ಏನೂ ಆಗಲಿಲ್ಲ.

ಹಾಗಾದರೆ ನನ್ನ ಹೆದರಿಕೆ ಯಾವುದರದು? ಒಂದು ವಾರ ಯೋಚಿಸಿದ ಮೇಲೆ ತಿಳಿಯಿತು. ನಾನು ಹೆದರುತ್ತಿದ್ದದ್ದು ಕ್ಷಿಪಣಿಗೆ ಅಲ್ಲ. ಮೂರು ವರ್ಷದ ಮಗನನ್ನು ಎತ್ತಿಕೊಂಡು, ಯಾವುದೋ ಊರಿನ ನೆಲದ ಮೇಲೆ ಶಾಲು ಹಾಸಿ ಎರಡು ರಾತ್ರಿ ಕಳೆಯುವುದಕ್ಕೆ. ಅದಾದ ಮೇಲೆ ಹುಡುಕಾಟದ ರೀತಿಯೇ ಬೇರೆ ಆಯಿತು. ಎಲ್ಲಿ ಅಪಾಯ ಕಡಿಮೆ ಅಂತ ಹುಡುಕುವುದು ಬಿಟ್ಟು, ಎಲ್ಲಿ ಸಿಕ್ಕಿಹಾಕಿಕೊಂಡರೆ ನಾವು ನಾಲ್ಕೂ ಜನ ಬಾಗಿಲು ದಾಟಿ ಹೊರಗೆ ಹೋಗಬಹುದು ಅಂತ ಹುಡುಕಿದೆವು.

ಮೊದಲು ಎಲ್ಲರೂ ಹೇಳುವುದು ದುಬೈ, ಅಬುಧಾಬಿ. ಈ ಗುಂಪಿನಲ್ಲೂ ತುಂಬ ಜನ ಅದನ್ನೇ ಬರೆದಿದ್ದೀರಿ. ನಕಾಶೆ ನೋಡಿ ದಯವಿಟ್ಟು. ದೋಹಾದಿಂದ ಅಬುಧಾಬಿ ನಮ್ಮ ಬೆಂಗಳೂರು ಹುಬ್ಬಳ್ಳಿಗಿಂತ ಹತ್ತಿರ. ಅದೇ ಕೊಲ್ಲಿ, ಅದೇ ಆಕಾಶ. ಜೂನ್ 23ರ ಸಂಜೆ ಬಹ್ರೇನ್, ಕುವೈತ್ ಜೊತೆ, ದುಬೈ, ಅಬುಧಾಬಿ ಇರುವ ಯುಎಇ ದೇಶದ ಆಕಾಶವೂ ಸ್ವಲ್ಪ ಹೊತ್ತು ನಿಂತಿತ್ತು. ದೋಹಾ ಬಿಟ್ಟು ದುಬೈ ಹಿಡಿದರೆ ಟಿಕೆಟ್ ಬದಲಾಗುತ್ತದೆ, ಚಿಂತೆ ಬದಲಾಗುವುದಿಲ್ಲ. ಅಲ್ಲದೆ ಸಿಕ್ಕಿಹಾಕಿಕೊಳ್ಳುವುದಕ್ಕೆ ಯುದ್ಧವೇ ಬೇಕಾಗಿಲ್ಲ. 2024ರ ಏಪ್ರಿಲ್ 16ರ ಒಂದೇ ದಿನದ ಮಳೆಗೆ ದುಬೈ ನಿಲ್ದಾಣದಲ್ಲಿ ಸಾವಿರಕ್ಕೂ ಹೆಚ್ಚು ವಿಮಾನ ರದ್ದಾಗಿ ಜನ ದಿನಗಟ್ಟಲೆ ಕೂತಿದ್ದರು.

ಆದರೂ ಗಲ್ಫಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಮಂಗಳೂರು, ಉಡುಪಿ, ಭಟ್ಕಳದ ಕಡೆಯವರಿಗೆ ಈ ಲೆಕ್ಕ ಪೂರ್ತಿ ತಿರುಗಾಮುರುಗಾ. ಶಾರ್ಜಾದಲ್ಲಿ ಅಕ್ಕ, ದುಬೈನಲ್ಲಿ ಭಾವ, ದೋಹಾದಲ್ಲಿ ಚಿಕ್ಕಪ್ಪನ ಮಗ ಇರುತ್ತಾರೆ. ದುಬೈನಿಂದ ಮಂಗಳೂರಿಗೆ ನೇರ ವಿಮಾನವೂ ಇದೆ. ಭಾರತದ ಪಾಸ್‌ಪೋರ್ಟಿನವರಿಗೆ ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಡುವುದು ಯುರೋಪಿಗಿಂತ ಅಲ್ಲಿ ಸುಲಭ. ಅವರು ಯಾಕೆ ಬಿಡಬೇಕು? ಅಲ್ಲಿ ಸಿಕ್ಕಿಹಾಕಿಕೊಂಡರೆ ಅಕ್ಕನ ಮನೆಯಲ್ಲಿ ಎರಡು ದಿನ ಉಂಡು ಬರಬಹುದು. ಆದ್ದರಿಂದ ಬೇರೆಯವರ ಉತ್ತರವನ್ನು ಹಾಗೇ ಎತ್ತಿಕೊಳ್ಳಬೇಡಿ, ನನ್ನದನ್ನೂ ಸೇರಿಸಿ.

ಎರಡನೆಯದು ಯುರೋಪು. ಫ್ರಾಂಕ್‌ಫರ್ಟ್, ಮ್ಯೂನಿಕ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಂ, ಈ ನಾಲ್ಕೂ ಕಡೆಯಿಂದ ಬೆಂಗಳೂರಿಗೆ ನೇರ ವಿಮಾನ ಇದೆ. ಮ್ಯಾಂಚೆಸ್ಟರಿನಿಂದ ಅಲ್ಲಿಗೆ ಒಂದೆರಡು ತಾಸು. ಆಮ್‌ಸ್ಟರ್‌ಡ್ಯಾಂ ನನಗೆ ಬಹಳ ಹಿಡಿಸಿತ್ತು. ಕೆಲಸ ಕೆಟ್ಟದ್ದು ಪಾಸ್‌ಪೋರ್ಟಿನಲ್ಲಿ. ವಿಮಾನ ನಿಂತುಹೋದರೆ ನಾನು, ಮಕ್ಕಳು ಹೊರಗೆ ಹೋಗಿ ಹೋಟೆಲಿನಲ್ಲಿ ಮಲಗಬಹುದು. ನಮ್ಮವರಿಗೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಬಹುಪಾಲು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ, ಇಲ್ಲ, ಅವರು ಒಳಗೇ ಕೂರಬೇಕು. ಅದು ಸಾಲದು ಎಂಬಂತೆ, ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಯುರೋಪಿನ ಕೆಲವು ದೇಶಗಳಲ್ಲಿ ಒಳಗೊಳಗೇ ವಿಮಾನ ಬದಲಿಸುವುದಕ್ಕೂ ಟ್ರಾನ್ಸಿಟ್ ವೀಸಾ ಕೇಳುತ್ತಾರೆ. ಬ್ರಿಟನ್ನಿನ ವೀಸಾ ಇದೆ, ಸಾಕು ಅಂದುಕೊಳ್ಳಬೇಡಿ. ಆಯಾ ದೇಶದ ರಾಯಭಾರ ಕಚೇರಿಯ ಪುಟದಲ್ಲಿ, ಟಿಕೆಟ್ ತೆಗೆಯುವ ದಿನವೇ, ನೋಡಿಕೊಳ್ಳಿ.

ಇದರಲ್ಲೇ ಇನ್ನೊಂದು ಸೂಕ್ಷ್ಮ ಇದೆ, ತುಂಬ ಜನರಿಗೆ ಹೊಳೆಯುವುದಿಲ್ಲ. ಅಗ್ಗ ಅಂತ ಮ್ಯಾಂಚೆಸ್ಟರ್, ಆಮ್‌ಸ್ಟರ್‌ಡ್ಯಾಂ, ಮ್ಯೂನಿಕ್, ಬೆಂಗಳೂರು ಹೀಗೆ ಎರಡು ನಿಲುಗಡೆಯ ಟಿಕೆಟ್ ಸಿಗುತ್ತದೆ. ಆಮ್‌ಸ್ಟರ್‌ಡ್ಯಾಂನಿಂದ ಮ್ಯೂನಿಕ್‌ಗೆ ಹೋಗುವುದು ಷೆಂಗೆನ್ ಒಳಗಿನ ಪ್ರಯಾಣ, ಅಂದರೆ ನೀವು ಯುರೋಪಿನೊಳಗೆ ಪ್ರವೇಶ ಮಾಡಿದ ಹಾಗೆ. ಪೂರ್ತಿ ಷೆಂಗೆನ್ ವೀಸಾ ಇಲ್ಲದಿದ್ದರೆ ಮ್ಯಾಂಚೆಸ್ಟರಿನಲ್ಲೇ ಹತ್ತಿಸುವುದಿಲ್ಲ. ಅಪ್ಪ ಅಮ್ಮನಿಗೆ ಟಿಕೆಟ್ ತೆಗೆಯುವಾಗ ಇದನ್ನು ಎರಡು ಸಲ ನೋಡಿ.

ಇಸ್ತಾಂಬುಲ್‌ನಿಂದ ಬೆಂಗಳೂರಿಗೆ ನೇರ ವಿಮಾನ ಇಲ್ಲ, ದೆಹಲಿ ಇಲ್ಲವೇ ಮುಂಬೈಗೆ ಬರಬೇಕು. ಅದನ್ನು ಅಲ್ಲಿಗೇ ಬಿಟ್ಟೆವು.

ಲಂಡನ್ ಹೀಥ್ರೂ ನಿಜಕ್ಕೂ ಒಳ್ಳೆಯ ದಾರಿ, ಬೆಂಗಳೂರಿಗೆ ನೇರ ಹೋಗಬಹುದು. ವರ್ಜಿನ್ ಅಟ್ಲಾಂಟಿಕ್ ಕೂಡ 2024ರ ಮಾರ್ಚ್ ಕೊನೆಯಿಂದ ಹಾರಿಸುತ್ತಿದೆ. ಆದರೆ ಮ್ಯಾಂಚೆಸ್ಟರಿನಿಂದ ಎಂಟು ಸೂಟ್‌ಕೇಸು, ಎರಡು ಮಕ್ಕಳು, ಐದು ತಾಸಿಗೂ ಮೇಲ್ಪಟ್ಟ ಕೋಚ್ ಪ್ರಯಾಣ. ಕೋಚ್ ತಡವಾಗಿ ವಿಮಾನ ತಪ್ಪಿದರೆ ಅದು ನಮ್ಮ ತಲೆಗೇ, ಯಾಕೆಂದರೆ ಎರಡೂ ಬೇರೆ ಬೇರೆ ಟಿಕೆಟ್. ಲಂಡನ್ನಿನಲ್ಲಿ ಇರುವವರು ಮಾತ್ರ ಇನ್ನೇನೂ ಯೋಚಿಸದೆ ನೇರ ವಿಮಾನ ಹಿಡಿಯಿರಿ.

ನೇರ ವಿಮಾನದ ಮೇಲೆ ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ? ಆಕಾಶ ಯಾರಿಗೂ ಬೇರೆ ಇಲ್ಲ. ಬ್ರಿಟನ್ನಿನಿಂದ ಭಾರತಕ್ಕೆ ನೇರ ಹೋಗುವ ವಿಮಾನವೂ ಇರಾನ್, ಇರಾಕ್ ಮುಚ್ಚಿದ್ದರೆ ಉತ್ತರಕ್ಕೆ ಕಾಕಸಸ್, ಕ್ಯಾಸ್ಪಿಯನ್ ಸಮುದ್ರದ ಕಡೆಯಿಂದಲೋ, ದಕ್ಷಿಣಕ್ಕೆ ಈಜಿಪ್ಟ್, ಸೌದಿ ಮೇಲಿಂದಲೋ ಸುತ್ತಿ ಹೋಗಬೇಕು. ಭಾರತದ ವಿಮಾನಗಳಿಗೆ ಪಾಕಿಸ್ತಾನದ ಆಕಾಶವಂತೂ 2025ರ ಏಪ್ರಿಲ್ 24ರಿಂದ ಮುಚ್ಚಿದೆ. ತಾಸು ಹೆಚ್ಚಾಗುತ್ತದೆ, ಒಪ್ಪಿದೆ. ಆದರೆ ಸುತ್ತಿ ಹೋಗುವ ದಾರಿಯೂ ಇಲ್ಲದ ದಿನ ನೇರ ವಿಮಾನ ಹೊರಡುವುದೇ ಇಲ್ಲ. ಹೊರಡದಿದ್ದರೆ ನಾವು ಮನೆಯಲ್ಲಿ ಇರುತ್ತೇವೆ. ಮಗ ತನ್ನ ಹಾಸಿಗೆಯಲ್ಲಿ ಮಲಗಿರುತ್ತಾನೆ. ಹೊರಟ ಮೇಲೆ ಮುಚ್ಚಿದರೆ ವಾಪಸ್ ತರಲೂಬಹುದು, ಬೇರೆ ಕಡೆ ಇಳಿಸಲೂಬಹುದು. ನಡುವೆ ಒಂದು ಊರಲ್ಲಿ ಇಳಿದು ಇನ್ನೊಂದು ವಿಮಾನಕ್ಕೆ ಕಾಯುವ ಪ್ರಯಾಣದಲ್ಲಿ ಮಾತ್ರ ಆ ನಡುವಿನ ಊರು ಅಂತ ಒಂದು ಇರುತ್ತದೆ. ತೊಡಕೆಲ್ಲ ಅಲ್ಲೇ.

ಅಷ್ಟರಲ್ಲಿ ಜುಲೈ 1ರಿಂದ ಇಂಡಿಗೋ ಮ್ಯಾಂಚೆಸ್ಟರಿನಿಂದ ಮುಂಬೈಗೆ ನೇರ ವಿಮಾನ ಶುರು ಮಾಡಿತು. ಹೆಸರು ಮೊದಲೇ ಕೇಳಿದ್ದೆವು, ಬೆಂಗಳೂರು ಅಲ್ಲವಲ್ಲ ಅಂತ ಪಕ್ಕಕ್ಕೆ ಇಟ್ಟಿದ್ದೆವು. ಆ ರಾತ್ರಿ ನಮ್ಮವರು ಫಟ್ಟನೆ ಕೇಳಿದರು, "ನಾವು ಹುಬ್ಬಳ್ಳಿಯವರು. ಬೆಂಗಳೂರಿಗೆ ಯಾಕೆ ಹೋಗ್ತಿದ್ದೀವಿ?" ಹದಿಮೂರು ವರ್ಷದಿಂದ ರೂಢಿ, ಅದಕ್ಕೆ ಹೋಗುತ್ತಿದ್ದೆವು. ಹುಬ್ಬಳ್ಳಿಗೆ ಮುಂಬೈನಿಂದ ರೈಲಿದೆ, ರಾತ್ರಿ ಬಸ್ಸು ಬೇಕಾದಷ್ಟಿವೆ, ವಿಮಾನವೂ ಇದೆ. ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನಮ್ಮ ದೊಡ್ಡವ್ವನ ಮನೆ. ಸಿಕ್ಕಿಹಾಕಿಕೊಂಡರೆ ಎಲ್ಲಿ ಎಂದು ಕೇಳಿಕೊಂಡಿದ್ದೆವಲ್ಲ, ಆ ಪ್ರಶ್ನೆಗೆ ಉತ್ತರ ನಮ್ಮ ಮುಂದೆಯೇ ಇತ್ತು. ನಮ್ಮವರಿಗೆ ಭಾರತದ ಪಾಸ್‌ಪೋರ್ಟ್, ನಮಗೆ ಮೂವರಿಗೂ ಓಸಿಐ, ಅಂದರೆ ವೀಸಾ ಇಲ್ಲದೆ ಭಾರತಕ್ಕೆ ಹೋಗಬಹುದಾದ ಕಾರ್ಡು. ನಾಲ್ಕೂ ಜನ ಬಾಗಿಲು ದಾಟಬಹುದು. ಬೆಂಗಳೂರಿಗೆ ಹೋಗುವವರಿಗೂ ಉದ್ಯಾನ್ ಎಕ್ಸ್‌ಪ್ರೆಸ್ ಇದೆ, ಒಂದು ದಿನದ ಹಾದಿ, ಆದರೆ ನೆಲದ ಹಾದಿ.

ಮಗಳ ವಿಷಯ ಈಗ ಹೇಳುತ್ತೇನೆ, ಅದನ್ನು ಬಿಟ್ಟು ಈ ಬರಹ ಮುಗಿಸಲಾರೆ. ಜೂನ್ 12ರಂದು ಅಹಮದಾಬಾದಿನಿಂದ ಲಂಡನ್ನಿಗೆ ಹೊರಟ ವಿಮಾನ ಬಿದ್ದಿತ್ತು. 242 ಜನರಲ್ಲಿ ಉಳಿದವರು ಒಬ್ಬರೇ. ಅವಳ ಶಾಲೆಯಲ್ಲಿ ಗುಜರಾತಿ ಮಕ್ಕಳು ತುಂಬ ಇದ್ದಾರೆ. ಎರಡೂ ವಾರ ಕಳೆಯುವ ಮೊದಲೇ ಅಜ್ಜಿಯ ವಿಮಾನ ಹೀಗೆ. ಯಾರದೋ ಫೋನಿನಲ್ಲಿ ದೋಹಾ ಆಕಾಶದಲ್ಲಿ ಬೆಳಕು ಸಿಡಿಯುವ ವಿಡಿಯೋ ನೋಡಿಬಿಟ್ಟಳು. ಒಂದು ರಾತ್ರಿ ನನ್ನ ಹಾಸಿಗೆಗೆ ಬಂದು, "ಅಮ್ಮಾ, ನಾವು ಹೋಗದೇ ಇದ್ದರೆ ಅಜ್ಜಿಗೆ ಬೇಜಾರಾಗುತ್ತಾ?" ಅಂದಳು. ತನಗೆ ಹೆದರಿಕೆ ಅಂತ ಹೇಳಲಿಲ್ಲ. ಅಜ್ಜಿಯ ಹೆಸರಿನಲ್ಲಿ ಕೇಳಿದಳು.

ಏನೂ ಆಗುವುದಿಲ್ಲ ಪುಟ್ಟಿ ಅಂತ ಹೇಳಿ ಮಲಗಿಸಬಹುದಿತ್ತು. ಆದರೆ ಆಗಿದೆಯಲ್ಲ, ಅವಳು ನೋಡಿದ್ದಾಳೆ. ಮರುದಿನ ಗ್ಲೋಬ್ ತೆಗೆದು ಕೂತೆವು. ಅತ್ತೆ ಬಿಟ್ಟುಹೋಗಿದ್ದ ಕೆಂಪು ಉಲ್ಲನ್ ದಾರ ತಂದು ಮ್ಯಾಂಚೆಸ್ಟರಿಗೆ ಒಂದು ತುದಿ, ದೋಹಾಕ್ಕೆ ಒಂದು ತುದಿ ಹಿಡಿದೆವು. ಸಿದ್ಧಾರೂಢರ ಜಾತ್ರೆಯ ದಿನ ತೇರು ಎಳೆಯುವಾಗ ಪೊಲೀಸರು ರಸ್ತೆ ಮುಚ್ಚಿ ನಮ್ಮ ಆಟೋವನ್ನು ಬೇರೆ ಕಡೆ ಕಳಿಸಿದ್ದು ಅವಳಿಗೆ ನೆನಪಿದೆ. ಆಕಾಶದಲ್ಲೂ ರಸ್ತೆ ಇರುತ್ತವೆ, ಅದನ್ನು ನೋಡಿಕೊಳ್ಳುವವರು ಇರುತ್ತಾರೆ, ಗಲಾಟೆ ಅಂತ ಕಂಡ ಕೂಡಲೇ ಮುಚ್ಚಿ ವಿಮಾನವನ್ನು ಬೇರೆ ರಸ್ತೆಗೆ ಕಳಿಸುತ್ತಾರೆ, ಅಜ್ಜಿಯ ವಿಮಾನ ತಿರುಗಿದ್ದು ಹಾಗೆ ಅಂತ ಹೇಳಿದೆ. ಅವಳು ದಾರವನ್ನು ಇಸ್ತಾಂಬುಲ್ ಕಡೆ ತಿರುಗಿಸಿ ನೋಡಿದಳು. ಆಮೇಲೆ ಮುಂಬೈಗೆ ಎಳೆದಳು. "ಇದರಲ್ಲಿ ನಡುವೆ ಗಂಟಿಲ್ಲ" ಅಂದಳು. ಪ್ರಯಾಣದ ದಿನ ಆ ದಾರವನ್ನು ಕೈಗೆ ಕಟ್ಟಿಕೊಂಡು ಬಂದಿದ್ದಳು.

ಮಕ್ಕಳಿಗೆ ಹೇಳುವಾಗ ಸುದ್ದಿಯನ್ನು ಮುಚ್ಚಿಡಬೇಡಿ, ವಿಡಿಯೋಗಳನ್ನು ಮಾತ್ರ ಮುಚ್ಚಿಡಿ. ಅವರ ಮುಂದೆ ಗಂಡ ಹೆಂಡತಿ ಟಿಕೆಟ್ ಬಗ್ಗೆ ಜಗಳ ಆಡಬೇಡಿ. ನಾವು ಎರಡು ಸಲ ಆಡಿದೆವು, ಮಗಳು ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡಿದ್ದಳು.

ಇನ್ನು ದುಡ್ಡಿನ ಮಾತು. ಹೆದರಿಕೆ ಆಗಿದೆ ಅಂತ ನೀವಾಗಿ ರದ್ದು ಮಾಡಿದರೆ ಟಿಕೆಟಿನ ನಿಯಮದಲ್ಲಿ ಎಷ್ಟಿದೆಯೋ ಅಷ್ಟೇ ವಾಪಸ್. ವಿಮೆಯವರೂ ಅದಕ್ಕೆ ಕೊಡುವುದಿಲ್ಲ. ಯುದ್ಧ ಅಂತ ಒಂದು ಷರತ್ತು ಬಹಳ ಪಾಲಿಸಿಗಳಲ್ಲಿ ಹೊರಗಿಟ್ಟಿರುತ್ತಾರೆ, ಓದಿ. ಸುದ್ದಿ ಬಂದ ಮೇಲೆ ವಿಮೆ ಕೊಂಡರೆ, ಗೊತ್ತಿದ್ದ ವಿಷಯ ಎಂದು ಆ ಘಟನೆಯನ್ನು ಕೈಬಿಡುತ್ತಾರೆ. ಟಿಕೆಟ್ ತೆಗೆದ ದಿನವೇ ವಿಮೆಯನ್ನೂ ತೆಗೆಯಿರಿ. ಬ್ರಿಟನ್ನಿನ ವಿದೇಶಾಂಗ ಕಚೇರಿ ಹೋಗಬೇಡಿ ಎಂದ ಜಾಗಕ್ಕೆ ಹೋದರೆ ಸಾಮಾನ್ಯವಾಗಿ ವಿಮೆ ನಡೆಯುವುದಿಲ್ಲ, ಆ ಪುಟವನ್ನು ಹೊರಡುವ ಹಿಂದಿನ ವಾರದಿಂದ ನೋಡುತ್ತಿರಿ.

ವಿಮಾನದವರೇ ರದ್ದು ಮಾಡಿದರೆ ಕಥೆ ಬೇರೆ. ಬ್ರಿಟನ್ ಅಥವಾ ಯುರೋಪಿನಿಂದ ಹೊರಡುವ ವಿಮಾನ ಯಾವ ದೇಶದ ಕಂಪನಿಯದಾದರೂ ಇಲ್ಲಿನ ಕಾನೂನು ಅನ್ವಯಿಸುತ್ತದೆ. ಆಕಾಶ ಮುಚ್ಚಿದ್ದಕ್ಕೆ ಪರಿಹಾರದ ಹಣ ಬರುವುದಿಲ್ಲ, ಅದು ಅವರ ಕೈಯಲ್ಲಿ ಇಲ್ಲದ್ದು. ಆದರೆ ಊಟ, ರಾತ್ರಿ ಉಳಿಯುವ ವ್ಯವಸ್ಥೆ, ಬೇರೆ ವಿಮಾನದಲ್ಲಿ ಕಳಿಸುವುದು ಇಲ್ಲವೇ ದುಡ್ಡು ವಾಪಸ್, ಇವು ಕೊಡಲೇಬೇಕು. ಪೂರ್ತಿ ದಾರಿಗೆ ಒಂದೇ ಪಿಎನ್‌ಆರ್ (ಬುಕಿಂಗ್ ನಂಬರ್) ಇದ್ದರೆ ನಡುವಿನ ಊರಲ್ಲಿ ಸಿಕ್ಕಿಹಾಕಿಕೊಂಡರೂ ಈ ಹಕ್ಕು ನಿಮ್ಮ ಜೊತೆ ಬರುತ್ತದೆ. ಭಾರತದಿಂದ ಹಿಂದಿರುಗುವಾಗ ಬ್ರಿಟನ್, ಯುರೋಪಿನವಲ್ಲದ ಕಂಪನಿಯಾದರೆ ಈ ಕಾನೂನಿನ ಆಸರೆ ಇಲ್ಲ. ಆದ್ದರಿಂದ ಹೋಗುವ ದಾರಿಗಿಂತ ಬರುವ ದಾರಿಯ ಬಗ್ಗೆ ಹೆಚ್ಚು ಯೋಚನೆ ಮಾಡಿ. ಟಿಕೆಟ್ ಎರಡು ತುಂಡು ಮಾಡಿ ನೂರು ಪೌಂಡ್ ಉಳಿಸಬೇಡಿ ಎಂದು ಕೈಮುಗಿದು ಹೇಳುತ್ತೇನೆ.

ನಮ್ಮ ಪ್ರಯಾಣಕ್ಕೆ ಒಂದು ತಿಂಗಳು ಇತ್ತಾದ್ದರಿಂದ ಉಚಿತ ಬದಲಾವಣೆಯ ಅವಕಾಶ ನಮಗೆ ಸಿಗಲಿಲ್ಲ. ರದ್ದತಿ ಶುಲ್ಕ ಕಟ್ಟಿದೆವು, ಮುಂಬೈ ಟಿಕೆಟ್ಟೂ ರಜೆಯ ದರದ್ದೇ. ಜೇಬಿಗೆ ಬಿತ್ತು. ಅದಕ್ಕಾಗಿ ಈ ವರ್ಷ ಬೇರೆ ಎಲ್ಲೂ ಹೋಗುವುದಿಲ್ಲ ಅಂತ ಇಬ್ಬರೂ ಒಪ್ಪಿಕೊಂಡೆವು.

ಜುಲೈ ಕೊನೆಗೆ ಹೊರಟೆವು. ಮಗ ವಿಮಾನದಲ್ಲಿ ಅರ್ಧ ದಾರಿ ಅತ್ತ, ಇನ್ನರ್ಧ ಮಲಗಿದ. ಮುಂಬೈಯಲ್ಲಿ ಜಡಿಮಳೆ. ದೊಡ್ಡವ್ವ ಬಾಗಿಲಲ್ಲೇ ದೃಷ್ಟಿ ತೆಗೆದು, ಬಿಸಿ ಅನ್ನ, ತವ್ವಿ, ಉಪ್ಪಿನಕಾಯಿ ಬಡಿಸಿದಳು. ಎರಡು ದಿನ ನಿದ್ದೆ ತೀರಿಸಿಕೊಂಡು, ಒಂದು ಸಂಜೆ ಮಾಟುಂಗಕ್ಕೆ ಹೋಗಿ ದೋಸೆ ತಿಂದೆವು. ಅಲ್ಲಿ ಮೈಸೂರು ಅಸೋಸಿಯೇಷನ್ ಬೋರ್ಡನ್ನು ಮಗಳು ತಾನೇ ಕೂಡಿಸಿಕೊಂಡು ಓದಿದಳು. ಇಲ್ಲಿ ವಾರಕ್ಕೊಮ್ಮೆ ಕನ್ನಡ ಕಲಿ ತರಗತಿಗೆ ಎಳೆದುಕೊಂಡು ಹೋಗುವ ನನಗೆ ಅದು ದೊಡ್ಡ ವಿಷಯ. ಮುಂಬೈನಲ್ಲೂ ಕನ್ನಡ ಇದೆ ಅಂತ ಅವಳಿಗೆ ಆಶ್ಚರ್ಯ. ಆಮೇಲೆ ರಾತ್ರಿ ಬಸ್ಸು. ಬೆಳಗಾವಿ ದಾಟುವಾಗ ಬೆಳಕು ಹರಿಯಿತು, ಕಿತ್ತೂರಿನ ಬೋರ್ಡು ಬಂದಾಗ ಮಗಳನ್ನು ಎಬ್ಬಿಸಿದೆ. ಧಾರವಾಡದ ಕಡೆಯ ಕರಿ ಮಣ್ಣು, ಹಸಿರು ಹೆಸರುಕಾಳಿನ ಹೊಲ, ಅದನ್ನೆಲ್ಲ ಅವಳು ಮೊದಲು ನೋಡಿದ್ದು ಈ ಸಲವೇ. ಬೆಂಗಳೂರಿನಿಂದ ಹೋಗುವಾಗ ಯಾವಾಗಲೂ ಮೋಡದ ಮೇಲಿಂದ ಹಾರಿಬಿಡುತ್ತಿದ್ದೆವು.

ಮುಂಬೈ ದಾರಿಯಲ್ಲಿ ತೊಂದರೆಯೇ ಇಲ್ಲ ಅಂತ ತಿಳಿಯಬೇಡಿ. ಈ ವಿಮಾನ ದಿನಾ ಇಲ್ಲ, ತಪ್ಪಿದರೆ ಮುಂದಿನದಕ್ಕೆ ಕಾಯಬೇಕು. ಮುಂಬೈನಲ್ಲೇ ಇಮಿಗ್ರೇಷನ್, ಕಸ್ಟಮ್ಸ್ ಎಲ್ಲ ಮುಗಿಸಿ ಮುಂದಿನ ವಿಮಾನಕ್ಕೆ ಸಾಮಾನು ಮತ್ತೆ ಕೊಡಬೇಕು, ಮೊಣಕಾಲು ನೋವಿನವರಿಗೆ ಕಷ್ಟ. ಮಳೆಗಾಲದಲ್ಲಂತೂ ಮುಂಬೈ ತಾನೇ ನಿಂತುಬಿಡುತ್ತದೆ. ಆಗಸ್ಟ್ 19ರಂದು ಲೋಕಲ್ ರೈಲು ನಿಂತು, ಶಾಲೆಗಳಿಗೆ ರಜೆ ಕೊಟ್ಟು, ವಿಮಾನಗಳೆಲ್ಲ ತಡವಾದವು. ನಾವು ಅದಾದ ಎರಡು ದಿನಕ್ಕೆ ಹುಬ್ಬಳ್ಳಿ ಬಿಡಬೇಕಿತ್ತು. ಬಸ್ಸು ಹೊರಡುತ್ತದೋ ಇಲ್ಲವೋ ಎಂದು ಹೊಟ್ಟೆ ಹಿಂಡುತ್ತಿತ್ತು. ಹೊರಟಿತು, ನಾಲ್ಕು ತಾಸು ತಡವಾಗಿ ಮುಟ್ಟಿತು. ವಿಮಾನಕ್ಕೆ ಎರಡು ದಿನ ಮೊದಲೇ ಮುಂಬೈ ಸೇರುವ ಹಾಗೆ ಇಟ್ಟುಕೊಂಡಿದ್ದರಿಂದ ಆ ನಾಲ್ಕು ತಾಸು ಏನೂ ಅನ್ನಿಸಲಿಲ್ಲ.

ಆ ಎರಡು ದಿನಕ್ಕೆ, ಶಾಲೆ ಶುರುವಾಗುವ ಮೊದಲು ಒಂದು ವಾರ ಉಳಿಯಲಿ ಅನ್ನುವ ಎಚ್ಚರಕ್ಕೆ, ನಾವು ತೆತ್ತದ್ದು ಗಣಪತಿ ಹಬ್ಬ. ಆಗಸ್ಟ್ 27ಕ್ಕೆ ಚೌತಿ, ನಾವು ನಾಲ್ಕು ದಿನ ಮೊದಲೇ ವಿಮಾನದಲ್ಲಿ. ಹುಬ್ಬಳ್ಳಿಯ ಗಣಪತಿಯನ್ನು ಮಕ್ಕಳು ಇನ್ನೂ ನೋಡಿಲ್ಲ. ಇಂಗ್ಲೆಂಡಿನ ಶಾಲೆಗಳಲ್ಲಿ ಐದು ದಿನ ಅನುಮತಿ ಇಲ್ಲದೆ ತಪ್ಪಿಸಿದರೆ ಈಗ ಒಂದು ಮಗುವಿಗೆ ತಂದೆಗೆ 80, ತಾಯಿಗೆ 80 ಪೌಂಡ್ ದಂಡ, 21 ದಿನದೊಳಗೆ ಕಟ್ಟದಿದ್ದರೆ 160. ವಿಮಾನ ನಿಂತು ಬರಲಾಗದಿದ್ದರೆ ಆ ದಿನವೇ ಶಾಲೆಗೆ ಮೇಲ್ ಹಾಕಿ, ವಿಮಾನದವರ ಸಂದೇಶವನ್ನು ಅದಕ್ಕೆ ಲಗತ್ತಿಸಿ. ಸಾಮಾನ್ಯವಾಗಿ ಮುಖ್ಯೋಪಾಧ್ಯಾಯರು ಅರ್ಥ ಮಾಡಿಕೊಳ್ಳುತ್ತಾರೆ. ಊರಿಂದ ಬಂದ ಮೇಲೆ ಹೇಳಿದರೆ ಕಷ್ಟ.

ಕೊನೆಗೆ ಅತ್ತೆಯವರಿಂದ ಕಲಿತದ್ದು. ವಯಸ್ಸಾದವರು ಒಬ್ಬರೇ ಬರುವುದಾದರೆ ಕೈಚೀಲದಲ್ಲಿ ಐದು ದಿನದ ಮಾತ್ರೆ, ವೈದ್ಯರ ಚೀಟಿ, ಒಂದು ಜೊತೆ ಬಟ್ಟೆ, ಚಾರ್ಜರ್, ಕೆಡದ ತಿಂಡಿ. ಫೋನಿಗೆ ರೋಮಿಂಗ್ ಹಾಕಿಸಿ, ಒಂದು ಪ್ರಯಾಣಕ್ಕೆ ಬೇಡ ಅಂತ ಉಳಿಸಬೇಡಿ. ಈಗ ನಾನು ಒಂದು ಗಟ್ಟಿ ಕಾಗದದ ಚೀಟಿ ಮಾಡಿ ಲ್ಯಾಮಿನೇಟ್ ಮಾಡಿಸಿದ್ದೇನೆ, ಕೊರಳಿಗೆ ಹಾಕಿಕೊಳ್ಳುವ ಹಾಗೆ. ಮೇಲೆ ಕನ್ನಡ, ಕೆಳಗೆ ಅದೇ ಸಾಲು ಇಂಗ್ಲಿಷಿನಲ್ಲಿ. ಅವರು ಕನ್ನಡ ಓದಿ ಬೆರಳಿಟ್ಟು ತೋರಿಸಿದರೆ ಎದುರಿನವರು ಇಂಗ್ಲಿಷ್ ಓದಿಕೊಳ್ಳುತ್ತಾರೆ. ನನಗೆ ಸಕ್ಕರೆ ಕಾಯಿಲೆ ಇದೆ, ಊಟ ಬೇಕು. ನಾನು ಮಾಂಸ, ಮೊಟ್ಟೆ ತಿನ್ನುವುದಿಲ್ಲ. ಶೌಚಾಲಯಕ್ಕೆ ಕರೆದುಕೊಂಡು ಹೋಗಿ. ನನ್ನ ವಿಮಾನ ಯಾವಾಗ, ಈ ಕಾಗದದ ಮೇಲೆ ಬರೆದುಕೊಡಿ. ಈ ನಂಬರಿಗೆ ಫೋನ್ ಮಾಡಿ, ನನ್ನ ಮಗ. ಶೌಚಾಲಯದ ಸಾಲು ನನಗೆ ಹೊಳೆದಿರಲಿಲ್ಲ, ಅತ್ತೆಯೇ ಹೇಳಿ ಬರೆಸಿದರು.

ಯಾರಿಗೆ ಬೇಕೋ ಹೇಳಿ, ಆ ಚೀಟಿಯ ಕಡತ ಕಳಿಸುತ್ತೇನೆ, ಹೆಸರು ನಂಬರ್ ಬದಲಿಸಿಕೊಂಡರೆ ಆಯಿತು. ಅತ್ತೆ ಬರುವ ಏಪ್ರಿಲ್ ಮೊದಲ ವಾರ ಮುಂಬೈನಿಂದ ಮ್ಯಾಂಚೆಸ್ಟರಿಗೆ ಬರುತ್ತಾರೆ, "ಮುಂಬೈ ಆದ್ರ ಬರತೀನವಾ" ಅಂತ ಅವರೇ ಹೇಳಿದ್ದಾರೆ. ಅದೇ ವಾರ ಯಾರಾದರೂ ತಮ್ಮ ಅಪ್ಪ ಅಮ್ಮನನ್ನು ಆ ದಾರಿಯಲ್ಲಿ ಕರೆಸಿಕೊಳ್ಳುವುದಾದರೆ ನನಗೆ ಮೆಸೇಜ್ ಮಾಡಿ, ಒಂದೇ ವಿಮಾನಕ್ಕೆ ಟಿಕೆಟ್ ತೆಗೆದು ಇಬ್ಬರನ್ನೂ ಜೊತೆ ಮಾಡೋಣ. ಡಿಸೆಂಬರಿಗೆ ಕರೆಸುವವರು, ನಿಮ್ಮವರಿಗೆ ಮುಂಬೈಯಲ್ಲಿ ರಾತ್ರಿ ಉಳಿಯಬೇಕಾಗಿ ಬಂದರೆ ಡೊಂಬಿವಲಿ ಮನೆಯ ನಂಬರ್ ಕೊಡುತ್ತೇನೆ. ದೊಡ್ಡವ್ವನನ್ನು ಕೇಳಿಯೇ ಹೇಳುತ್ತಿದ್ದೇನೆ.